ತೂತು ಎದೆಯಲ್ಲಿ, ದಾರಿ ತೊಡೆಯಿಂದ: ಕೂಸುಗಳ ಹೃದಯಕ್ಕೆ ಕೆಥೆಟರ್ ಚಿಕಿತ್ಸೆ

“ತೂತು ಎದ್ಯಾಗ ಐತಿ ಅಂತೀರಿ, ತೊಡಿಗ್ಯಾಕ ಸೂಜಿ ಹಾಕ್ತೀರಿ ಸಾಹೇಬ್ರ?”

ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ಮುಧೋಳ ಕಡೆಯ ಅಜ್ಜಿಯೊಬ್ಬರು ಮಕ್ಕಳ ಡಾಕ್ಟರಿಗೆ ಹೀಗೆ ಕೇಳಿದ್ದು ಪಕ್ಕದ ಬೆಂಚಿನಲ್ಲಿದ್ದ ನನ್ನ ಕಿವಿಗೂ ಬಿತ್ತು. ಮೊಮ್ಮಗಳಿಗೆ ಏಳು ತಿಂಗಳು, ತೂಕ ಐದು ಕಿಲೋ ದಾಟಿಲ್ಲ. ತಿಂಗಳು ತಿಂಗಳಿಗೂ ಕಫ, ಜ್ವರ. ಹೃದಯದ ಪಕ್ಕದ ನಾಳವೊಂದು ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಂಡಿಲ್ಲ ಎಂದು ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಗೊತ್ತಾಗಿತ್ತು. “ಎದಿ ಕೊಯ್ಯೂದು ಬ್ಯಾಡಬೇ, ತೊಡಿಯ ನರದಾಗಿಂದ ಹೋಗಿ ಮುಚ್ಚತಾರ. ಬೆಳಗಾವಿಗೆ ಹೋಗ್ರಿ” ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಹೊರಗೆ ಸಾಲು ಉದ್ದವಿತ್ತು, ಬಿಡಿಸಿ ಹೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ಅಜ್ಜಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಂಗನವಾಡಿಗೆ ಬರುವ ತಪಾಸಣಾ ತಂಡದಿಂದಲೋ, ಊರ ಡಾಕ್ಟರಿಂದಲೋ “ಹೃದಯದಲ್ಲಿ ರಂಧ್ರ” ಎಂಬ ಮಾತನ್ನು ಮೊದಲ ಸಲ ಕೇಳುವ ಎಲ್ಲ ಮನೆಗಳಲ್ಲೂ ಇದೇ ಪ್ರಶ್ನೆ ಏಳುತ್ತದೆ. ಅದಕ್ಕೆ ಸಾವಧಾನವಾಗಿ ಉತ್ತರ ಕೊಡುವ ಪ್ರಯತ್ನ ಇದು.

ಎರಡು ಪಂಪು, ನಡುವೆ ಒಂದು ಗೋಡೆ

ಹೃದಯವೆಂದರೆ ಅಂಟಿಕೊಂಡಿರುವ ಎರಡು ಪಂಪು. ಮೈಯೆಲ್ಲ ತಿರುಗಿ ಆಮ್ಲಜನಕ ಖರ್ಚಾದ ರಕ್ತವನ್ನು ಬಲಗಡೆಯ ಪಂಪು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ಎಡಗಡೆಯ ಪಂಪು ತಲೆಯಿಂದ ಪಾದದವರೆಗೆ ತಳ್ಳುತ್ತದೆ. ಒಂದೊಂದು ಪಂಪಿಗೂ ಎರಡು ಕೋಣೆ: ಮೇಲಿನದು ರಕ್ತ ತುಂಬಿಸಿಕೊಳ್ಳಲು, ಕೆಳಗಿನದು ಒತ್ತಿ ಹೊರಹಾಕಲು. ಕೋಣೆಗಳ ಬಾಯಲ್ಲಿರುವ ಕವಾಟಗಳು ರಕ್ತ ಹಿಂದಕ್ಕೆ ಬರದಂತೆ ತಡೆಯುತ್ತವೆ. ಬಲ ಮತ್ತು ಎಡದ ನಡುವೆ ಗೋಡೆಯಿದೆ.

ಎಡ ಪಂಪಿನ ಒತ್ತಡ ಬಲದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂಬುದನ್ನು ಇಲ್ಲಿ ನೆನಪಿಡಬೇಕು. ಶ್ವಾಸಕೋಶ ಪಕ್ಕದಲ್ಲೇ ಇದೆ, ಅದು ಮೆತ್ತಗಿನ ಅಂಗ. ಅಲ್ಲಿಗೆ ಸಣ್ಣ ಒತ್ತಡ ಸಾಕು. ಇಡೀ ಮೈಗೆ ರಕ್ತ ಕಳಿಸಲು ಹೆಚ್ಚು ಬಲ ಬೇಕು. ಹಾಗಾಗಿ ನಡುವೆ ಎಲ್ಲಾದರೂ ಕಿಂಡಿ ಇದ್ದರೆ ಎಡದಿಂದ ಬಲಕ್ಕೆ ರಕ್ತ ನುಗ್ಗುತ್ತದೆ. ಶ್ವಾಸಕೋಶದಿಂದ ಈಗಷ್ಟೇ ಬಂದ ರಕ್ತ ಮೈಗೆ ಹೋಗದೆ ಮತ್ತೆ ಶ್ವಾಸಕೋಶಕ್ಕೇ ಮರಳುತ್ತದೆ. ಹೊಲಕ್ಕೆ ಬಿಟ್ಟ ನೀರು ಒಡ್ಡು ಒಡೆದು ಮತ್ತೆ ಬಾವಿಗೇ ಬಿದ್ದ ಹಾಗೆ. ಪಂಪು ಇಡೀ ದಿನ ಓಡುತ್ತದೆ, ಬೆಳೆ ಮಾತ್ರ ಒಣಗುತ್ತದೆ. ಕೂಸು ತೂಕ ಹಿಡಿಯದೆ ಇರುವುದು ಇದರಿಂದಲೇ.

ಗರ್ಭದಲ್ಲಿ ತೆರೆದಿರುವ ತೂಬು

ತಾಯಿಯ ಹೊಟ್ಟೆಯಲ್ಲಿರುವಾಗ ಎಲ್ಲರ ಹೃದಯದಲ್ಲೂ ಕಿಂಡಿ ಇರುತ್ತದೆ. ಅಲ್ಲಿ ಉಸಿರಾಟವಿಲ್ಲ, ಆಮ್ಲಜನಕ ಹೊಕ್ಕುಳಬಳ್ಳಿಯಿಂದ ಬರುತ್ತದೆ. ಶ್ವಾಸಕೋಶಕ್ಕೆ ಹೆಚ್ಚು ರಕ್ತ ಬೇಕಿಲ್ಲದ ಕಾರಣ ಅದನ್ನು ಬಳಸಿಕೊಂಡು ಹೋಗಲು ಎರಡು ಅಡ್ಡದಾರಿಗಳಿವೆ. ಒಂದು, ಮೇಲಿನ ಕೋಣೆಗಳ ನಡುವಿನ ಗೋಡೆಯಲ್ಲಿರುವ ಕಿಂಡಿ. ಇನ್ನೊಂದು, ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳವನ್ನೂ ಮೈಗೆ ಹೋಗುವ ಮಹಾಪಧಮನಿಯನ್ನೂ ಸೇರಿಸುವ ಪುಟ್ಟ ನಾಳ. ವೈದ್ಯರು ಇದನ್ನು ಡಕ್ಟಸ್ ಎನ್ನುತ್ತಾರೆ.

ಕೂಸು ಹುಟ್ಟಿ ಮೊದಲ ಸಲ ಅತ್ತಾಗ ಶ್ವಾಸಕೋಶ ಅರಳುತ್ತದೆ, ಒತ್ತಡಗಳು ಅದಲುಬದಲಾಗುತ್ತವೆ. ಕಿಂಡಿಯ ಪದರ ಅಂಟಿಕೊಳ್ಳುತ್ತದೆ. ಡಕ್ಟಸ್ ಸಾಮಾನ್ಯವಾಗಿ ಎರಡು-ಮೂರು ದಿನದಲ್ಲಿ ಕುಗ್ಗಿ, ಕೆಲವು ವಾರಗಳಲ್ಲಿ ಬರೀ ದಾರದಂತಾಗುತ್ತದೆ. ಕಾಲುವೆಯ ತೂಬು ತಾನಾಗಿ ಮುಚ್ಚಿಕೊಂಡಂತೆ. ಮುಧೋಳದ ಆ ಕೂಸಿಗೆ ಮುಚ್ಚಿಕೊಳ್ಳದೆ ಉಳಿದದ್ದು ಈ ತೂಬೇ. ಫೈಲಿನಲ್ಲಿ ಇದನ್ನು ಪಿಡಿಎ ಎಂದು ಬರೆಯುತ್ತಾರೆ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಇದು ಹೆಚ್ಚು.

ಫೈಲಿನಲ್ಲಿರುವ ಇಂಗ್ಲಿಷ್ ಅಕ್ಷರಗಳು

ಎಎಸ್‌ಡಿ ಎಂದರೆ ಮೇಲಿನ ಕೋಣೆಗಳ ನಡುವಿನ ಗೋಡೆಯ ರಂಧ್ರ. ವಿಎಸ್‌ಡಿ ಎಂದರೆ ಕೆಳಗಿನ ಕೋಣೆಗಳ ನಡುವಿನದು. ಪಿಎಸ್ ಎಂದಿದ್ದರೆ ಶ್ವಾಸಕೋಶದ ದಾರಿಯ ಕವಾಟ ಬಿಗಿದುಕೊಂಡಿದೆ, ಎಎಸ್ ಎಂದಿದ್ದರೆ ಮಹಾಪಧಮನಿಯ ಬಾಯಿಯ ಕವಾಟ ಬಿಗಿದಿದೆ. ಕೋಆರ್ಕ್ಟೇಷನ್ ಎಂದರೆ ಮಹಾಪಧಮನಿಯೇ ಒಂದು ಕಡೆ ಹಿಂಡಿದಂತೆ ಕಿರಿದಾಗಿದೆ. ಟಿಒಎಫ್, ಟಿಜಿಎ ಎಂಬವು ಕೂಸು ನೀಲಿಗಟ್ಟುವ, ಹೆಚ್ಚು ತೊಡಕಿನ ದೋಷಗಳು.

ಇವೆಲ್ಲ ಸೇರಿ ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8-9 ಮಕ್ಕಳಲ್ಲಿ ಕಾಣುತ್ತವೆ. ಎಲ್ಲಕ್ಕೂ ಚಿಕಿತ್ಸೆ ಬೇಕೆಂದಿಲ್ಲ. ವಿಎಸ್‌ಡಿ ಸಣ್ಣದಿದ್ದರೆ ಎಷ್ಟೋ ಸಲ ಕೂಸು ಬೆಳೆಯುತ್ತಿದ್ದಂತೆ ತಾನೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ “ತೂತು ಐತಿ” ಎಂಬ ಒಂದೇ ಮಾತು ಕೇಳಿ ಎದೆ ಒಡೆದುಕೊಳ್ಳುವುದು ಬೇಡ. ಯಾವ ತೂತು, ಎಷ್ಟು ದೊಡ್ಡದು, ಎಷ್ಟು ರಕ್ತ ಹರಿಯುತ್ತಿದೆ ಎಂದು ಕೇಳಿ ತಿಳಿದುಕೊಳ್ಳಬೇಕು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆ ಸೊಸೆಯಂದಿರು ಇದಕ್ಕಾಗಿ ಬಹಳ ಕಣ್ಣೀರು ಹಾಕಿದ್ದಾರೆ. ಗ್ರಹಣದ ದಿನ ಹೊರಗೆ ಬಂದದ್ದಕ್ಕೋ, ಏನೋ ತಿಂದದ್ದಕ್ಕೋ ಹೃದಯದಲ್ಲಿ ರಂಧ್ರವಾಗುವುದಿಲ್ಲ. ಗರ್ಭ ನಿಂತ ಎಂಟನೇ ವಾರದ ಹೊತ್ತಿಗೆ ಹೃದಯದ ಕೋಣೆಗಳು ಬಹುಪಾಲು ರೂಪುಗೊಂಡಿರುತ್ತವೆ. ಬಸುರಿ ಎಂದು ಮನೆಯವರಿಗೆಲ್ಲ ಗೊತ್ತಾಗುವ ಮೊದಲೇ ಆಗಬೇಕಾದ್ದು ಆಗಿಹೋಗಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದೇ ಕಾರಣ ಎಂದು ಬೆರಳು ಮಾಡಿ ತೋರಿಸಲಾಗದು. ಬಸುರಿಗೆ ಬಂದ ರುಬೆಲ್ಲಾ ಸೋಂಕು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಕೆಲವು ಔಷಧಿಗಳು, ಡೌನ್ ಸಿಂಡ್ರೋಮ್‌ನಂಥ ವರ್ಣತಂತು ವ್ಯತ್ಯಾಸ ಇವು ಅಪಾಯವನ್ನು ಹೆಚ್ಚಿಸುತ್ತವೆ. ಸೋದರಮಾವನೊಂದಿಗೆ, ಅತ್ತೆಯ ಮಗನೊಂದಿಗೆ ಆಗುವ ಹತ್ತಿರದ ಸಂಬಂಧದ ಮದುವೆಗಳಲ್ಲೂ ಅಪಾಯ ಸ್ವಲ್ಪ ಹೆಚ್ಚು. ಅದು ಎರಡೂ ಮನೆಯವರು ಕೂಡಿ ಮಾಡಿದ ತೀರ್ಮಾನ, ತಾಯಿಯೊಬ್ಬಳ ತಪ್ಪಲ್ಲ.

ಹಾಗೇ ಬಿಟ್ಟರೆ ಏನಾಗುತ್ತದೆ

ಘಟಪ್ರಭಾ, ಮಲಪ್ರಭಾ, ಕೃಷ್ಣೆಯ ಕಾಲುವೆ ನೀರು ಕಂಡ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನೀರು ಕಡಿಮೆಯಾದರೆ ಬೆಳೆ ಹಾಳು. ಹೆಚ್ಚಾದರೆ ನೆಲವೇ ಹಾಳು. ವರ್ಷಗಟ್ಟಲೆ ನೀರು ನಿಂತ ಹೊಲ ಸವಳು-ಜವಳಾಗುತ್ತದೆ. ಅದಾದ ಮೇಲೆ ತೂಬು ಮುಚ್ಚಿದರೂ ನೆಲ ಸುಲಭಕ್ಕೆ ಮೊದಲಿನಂತಾಗದು.

ಶ್ವಾಸಕೋಶದ್ದೂ ಇದೇ ಕತೆ. ದೊಡ್ಡ ರಂಧ್ರದಿಂದ ಹೆಚ್ಚುವರಿ ರಕ್ತ ನುಗ್ಗುತ್ತಲೇ ಇದ್ದರೆ ಮೊದಲು ಕಫ, ನ್ಯುಮೋನಿಯಾ, ಏದುಸಿರು. ತಿಂಗಳು ವರ್ಷಗಳು ಕಳೆದಂತೆ ಅಲ್ಲಿಯ ಸಣ್ಣ ರಕ್ತನಾಳಗಳು ಒತ್ತಡ ತಾಳಲು ದಪ್ಪವಾಗಿ, ಗಡುಸಾಗಿ, ಕಿರಿದಾಗುತ್ತವೆ. ಬಲಗಡೆಯ ಒತ್ತಡ ಏರುತ್ತಾ ಹೋಗಿ ಒಂದು ದಿನ ಎಡದ್ದನ್ನೂ ಮೀರುತ್ತದೆ. ಆಗ ರಕ್ತ ತಿರುಗಿ ಹರಿಯುತ್ತದೆ, ಮಗು ನೀಲಿಗಟ್ಟುತ್ತದೆ. 1897ರಲ್ಲಿ ಇದನ್ನು ಮೊದಲು ವಿವರಿಸಿದ ವಿಕ್ಟರ್ ಐಸೆನ್‌ಮೆಂಗರ್ ಅವರ ಹೆಸರೇ ಈ ಸ್ಥಿತಿಗೆ ಇದೆ. ಅಲ್ಲಿಗೆ ಮುಟ್ಟಿದ ಮೇಲೆ ರಂಧ್ರ ಮುಚ್ಚುವುದೇ ಜೀವಕ್ಕೆ ಅಪಾಯ.

“ಕೂಸು ಇನ್ನೂ ಸಣ್ಣದೈತಿ, ದೊಡ್ಡದಾಗಲಿ ನೋಡೂಣು” ಎಂದು ಮನೆಯವರೇ ತೀರ್ಮಾನಿಸಬಾರದು ಎನ್ನುವುದು ಇದಕ್ಕೇ. ಕಾಯಬಹುದಾದ ದೋಷಗಳೂ ಇವೆ, ಕಾಯಬಾರದವೂ ಇವೆ. ಅದನ್ನು ಎಕೋ ನೋಡಿದವರೇ ಹೇಳಬೇಕು.

ತೊಡೆಯಿಂದ ಹೃದಯದವರೆಗೆ

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಮೈಯಲ್ಲಿರುವ ರಕ್ತನಾಳಗಳೆಲ್ಲ ಕೊನೆಗೆ ಹೃದಯವನ್ನೇ ಸೇರುತ್ತವೆ. ತೊಡೆಯ ಸಂದಿಯಲ್ಲಿ ಹೃದಯಕ್ಕೆ ರಕ್ತ ಮರಳಿಸುವ ಒಂದು ದೊಡ್ಡ ಅಭಿಧಮನಿಯೂ ಹೃದಯದಿಂದ ರಕ್ತ ತರುವ ಒಂದು ಅಪಧಮನಿಯೂ ಚರ್ಮಕ್ಕೆ ಹತ್ತಿರದಲ್ಲಿವೆ. ಅಲ್ಲಿಂದ ಹೃದಯಕ್ಕೆ ಹೆಚ್ಚುಕಡಿಮೆ ನೇರ ದಾರಿ. ರಕ್ತ ದಿನವೂ ಓಡಾಡುವ ದಾರಿಯಲ್ಲೇ ಒಂದು ತೆಳು ನಳಿಗೆಯನ್ನು ಕಳಿಸಿದರೆ ಎದೆ ತೆರೆಯುವ ಕೆಲಸವೇ ಇಲ್ಲ. ಆ ನಳಿಗೆಯೇ ಕೆಥೆಟರ್.

ಈ ದಾರಿಯನ್ನು ಮೊದಲು ತುಳಿದದ್ದು ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ. 1929ರಲ್ಲಿ ತನ್ನದೇ ತೋಳಿನ ರಕ್ತನಾಳದೊಳಗೆ ನಳಿಗೆ ತೂರಿಸಿಕೊಂಡು, ನಡೆದುಕೊಂಡೇ ಎಕ್ಸ್‌ರೇ ಕೋಣೆಗೆ ಹೋಗಿ, ಅದರ ತುದಿ ಹೃದಯದಲ್ಲಿರುವ ಚಿತ್ರ ತೆಗೆಸಿದರು. ಆಗ ಬೈಸಿಕೊಂಡರು, 1956ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪಡೆದರು.

ದೊಡ್ಡವರಲ್ಲಿ ಹೆಚ್ಚು ಸಲೀಸಾಗಿ ಮುಗಿಯುವ ಈ ಕೆಲಸ ಕೂಸಿನಲ್ಲಿ ಬಲು ನಾಜೂಕು. ಹೃದಯ ಅದರ ಮುಷ್ಟಿಯಷ್ಟಿದೆ. ತೊಡೆಯ ರಕ್ತನಾಳ ಅಕ್ಕಿಕಾಳಿನ ದಪ್ಪಕ್ಕಿಂತ ತುಸು ಹೆಚ್ಚು. ನಳಿಗೆಗಳ ದಪ್ಪವನ್ನು ‘ಫ್ರೆಂಚ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರ್. ಕೂಸಿಗೆ ನಾಲ್ಕು-ಐದು ಫ್ರೆಂಚ್‌ನಲ್ಲೇ ಕೆಲಸ ಸಾಗಬೇಕು. ಐದು ಕಿಲೋ ಕೂಸಿನ ಮೈಯಲ್ಲಿರುವ ರಕ್ತವೇ ಸುಮಾರು 400 ಮಿಲಿಲೀಟರ್, ಎರಡು ಲೋಟದಷ್ಟು. ಒಂದೊಂದು ಹನಿಗೂ ಲೆಕ್ಕವಿರುತ್ತದೆ.

ಕೆಲಸ ನಡೆಯುವುದು ಕ್ಯಾಥ್ ಲ್ಯಾಬ್ ಎಂಬ ಕೋಣೆಯಲ್ಲಿ. ಸುಮಾರು ನಾಲ್ಕು ತಾಸು ಮೊದಲೇ ಎದೆಹಾಲು ನಿಲ್ಲಿಸಿರುತ್ತಾರೆ. ಅರಿವಳಿಕೆ ಕೊಟ್ಟ ಮೇಲೆ ಕೂಸು ಮಲಗುತ್ತದೆ. ತೊಡೆಯ ಸಂದಿಯಲ್ಲಿ ಸೂಜಿ ಹಾಕಿ, ಅದರೊಳಗಿಂದ ಕೂದಲೆಳೆಯಂಥ ತಂತಿ ಬಿಡುತ್ತಾರೆ. ತಂತಿಯ ಮೇಲೆ ನಳಿಗೆ ಜಾರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಮೇಲೆ ಎಕ್ಸ್‌ರೇ ಕ್ಯಾಮೆರಾ ಓಡುತ್ತಿರುತ್ತದೆ. ನಳಿಗೆ ಎಲ್ಲಿದೆ ಎಂದು ಪರದೆಯಲ್ಲಿ ಕಾಣುತ್ತದೆ. ರಕ್ತ ಎಕ್ಸ್‌ರೇಗೆ ಕಾಣದು, ಅದಕ್ಕಾಗಿ ಎಕ್ಸ್‌ರೇಗೆ ಕಾಣುವ ದ್ರವವೊಂದನ್ನು ನಳಿಗೆಯಿಂದ ಬಿಡುತ್ತಾರೆ. ಆಗ ಡಕ್ಟಸ್‌ನ ಆಕಾರ, ಅಗಲ ಕ್ಷಣಹೊತ್ತು ಮೂಡಿ ಮಾಯವಾಗುತ್ತದೆ.

ಮುಚ್ಚುವ ಮೊದಲು ಕೋಣೆ ಕೋಣೆಯ ಒತ್ತಡವನ್ನೂ ಅಳೆಯುತ್ತಾರೆ. ವಿಜಯಪುರದಲ್ಲಿ ಆದಿಲಶಾಹಿಗಳ ಕಾಲದ ‘ಗಂಜ್’ಗಳನ್ನು ನೀವು ನೋಡಿರಬಹುದು. ನೀರಿನ ಕೊಳವೆಗಳಲ್ಲಿ ಒತ್ತಡ ಮಿತಿಮೀರದಂತೆ ನಡುನಡುವೆ ಕಟ್ಟಿದ ಗೋಪುರಗಳವು. ಎಲ್ಲಿ ಎಷ್ಟು ಒತ್ತಡವಿದೆ ಎಂದು ತಿಳಿಯದೆ ನೀರಿನ ದಾರಿಯನ್ನು ಮುಟ್ಟಬಾರದು ಎಂಬುದು ಆ ಮೇಸ್ತ್ರಿಗಳಿಗೆ ಗೊತ್ತಿತ್ತು. ಶ್ವಾಸಕೋಶದ ಒತ್ತಡ ಈಗಾಗಲೇ ಕೈಮೀರಿದೆಯೇ ಎಂದು ಇಲ್ಲಿ ತಿಳಿಯುವುದೂ ಅದಕ್ಕೇ.

ಅಭಿಧಮನಿಯಿಂದ ಹೊರಟ ನಳಿಗೆ ಬಲ ಮೇಲಿನ ಕೋಣೆ, ಬಲ ಕೆಳಗಿನ ಕೋಣೆ, ಶ್ವಾಸಕೋಶದ ನಾಳ ದಾಟಿ ಡಕ್ಟಸ್‌ನೊಳಗೆ ಹೋಗುತ್ತದೆ. ಇನ್ನು ಮುಚ್ಚಳ ಕೂರಿಸಬೇಕು. ಒಂದೂವರೆ-ಎರಡು ಮಿಲಿಮೀಟರ್ ನಳಿಗೆಯಲ್ಲಿ ಅದಕ್ಕಿಂತ ಅಗಲದ ಮುಚ್ಚಳ ಹೋಗುವುದಾದರೂ ಹೇಗೆ?

ನೆನಪಿರುವ ಲೋಹ

ನಿಟಿನಾಲ್ ಎಂಬುದು ನಿಕ್ಕಲ್ ಮತ್ತು ಟೈಟಾನಿಯಂ ಕೂಡಿಸಿದ ಮಿಶ್ರಲೋಹ. ಒಮ್ಮೆ ಕೊಟ್ಟ ಆಕಾರವನ್ನು ಇದು ಮರೆಯುವುದಿಲ್ಲ. ಎಳೆದು ದಾರದಂತೆ ಮಾಡಿ ನಳಿಗೆಯೊಳಗೆ ತುರುಕಿದರೂ, ಹೊರಬಂದ ಕೂಡಲೇ ತನ್ನ ಮೂಲ ಆಕಾರಕ್ಕೆ ಅರಳುತ್ತದೆ. ಇಳಕಲ್ಲಿನ ಮಗ್ಗದಲ್ಲಿ ಎಳೆ ಹೆಣೆದಂತೆ ನಿಟಿನಾಲ್‌ನ ಸಣ್ಣ ತಂತಿಗಳನ್ನು ಹೆಣೆದು ಪುಟ್ಟ ಬಿರಡೆ ಮಾಡುತ್ತಾರೆ. ಕೆಲವದರೊಳಗೆ ಪಾಲಿಯೆಸ್ಟರ್ ಬಟ್ಟೆಯ ತುಂಡೂ ಇರುತ್ತದೆ. ಬಿರಡೆ ಒಂದು ತಂತಿಯ ತುದಿಗೆ ತಿರುಪಿನಿಂದ ಸೇರಿಕೊಂಡಿರುತ್ತದೆ. ಸರಿಯಾಗಿ ಕೂತಿಲ್ಲ ಅನ್ನಿಸಿದರೆ ಒಳಕ್ಕೆಳೆದು ಮತ್ತೆ ಕೂರಿಸಬಹುದು. ಎಕೋದಲ್ಲಿ ನೋಡಿ, ಎಕ್ಸ್‌ರೇಗೆ ಕಾಣುವ ಆ ದ್ರವ ಬಿಟ್ಟು ನೋಡಿ, ಅಕ್ಕಪಕ್ಕದ ನಾಳಗಳಿಗೆ ಅಡ್ಡಿಯಾಗಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ತಿರುಪು ಬಿಚ್ಚುತ್ತಾರೆ. ಈ ಬಗೆಯ ಹೆಣಿಗೆಯ ಮುಚ್ಚಳಗಳಿಗೆ ಅವನ್ನು ರೂಪಿಸಿದ ವೈದ್ಯ ಕರ್ಟ್ ಆಂಪ್ಲಾಟ್ಜ್ ಅವರ ಹೆಸರು ಅಂಟಿಕೊಂಡಿದೆ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 700 ಗ್ರಾಂ ತೂಕದ ಕೂಸಿನಿಂದ ಹಿಡಿದು ಬಳಸಬಹುದಾದ ಪಿಡಿಎ ಮುಚ್ಚಳಕ್ಕೆ ಒಪ್ಪಿಗೆ ಕೊಟ್ಟಿತು. ಮುಕ್ಕಾಲು ಕಿಲೋಗೂ ಕಡಿಮೆ!

ಕೆಲವು ತಿಂಗಳಲ್ಲಿ ಹೃದಯದ ಒಳಪದರವೇ ಮುಚ್ಚಳದ ಮೇಲೆ ಬೆಳೆದು ಅದನ್ನು ತನ್ನದಾಗಿಸಿಕೊಳ್ಳುತ್ತದೆ. ಕೂಸು ಬೆಳೆದ ಮೇಲೆ ಅದನ್ನು ತೆಗೆಯಬೇಕಿಲ್ಲ, ಬದಲಿಸಬೇಕಿಲ್ಲ.

ಬಲೂನು, ಸ್ಟೆಂಟು, ಮತ್ತು ಬೇಕೆಂದೇ ಮಾಡುವ ರಂಧ್ರ

ಕೆಥೆಟರಿನ ಕೆಲಸ ಮುಚ್ಚುವುದಷ್ಟೇ ಅಲ್ಲ. ಶ್ವಾಸಕೋಶದ ಕವಾಟ ಬಿಗಿದುಕೊಂಡ ಮಕ್ಕಳಲ್ಲಿ ನಳಿಗೆಯ ತುದಿಯ ಬಲೂನನ್ನು ಕವಾಟದ ನಡುವೆ ನಿಲ್ಲಿಸಿ ಕೆಲವು ಕ್ಷಣ ಉಬ್ಬಿಸುತ್ತಾರೆ. ಅಂಟಿಕೊಂಡಿದ್ದ ಪದರಗಳು ಅಂಟಿದ ಗೆರೆಯಲ್ಲೇ ಬಿಡಿಸಿಕೊಳ್ಳುತ್ತವೆ. 1982ರಲ್ಲಿ ಅಮೆರಿಕದ ಜೀನ್ ಕ್ಯಾನ್ ಮತ್ತು ಸಂಗಡಿಗರು ವರದಿ ಮಾಡಿದ ಈ ವಿಧಾನವೇ ಇಂದು ಆ ದೋಷಕ್ಕೆ ಮೊದಲ ಆಯ್ಕೆ.

ಇನ್ನು ಟಿಜಿಎ. ಈ ದೋಷದಲ್ಲಿ ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳು ಅದಲುಬದಲಾಗಿರುತ್ತವೆ. ಆಮ್ಲಜನಕವಿರುವ ರಕ್ತ ಶ್ವಾಸಕೋಶದಲ್ಲೇ ಸುತ್ತುತ್ತದೆ, ಇಲ್ಲದ ರಕ್ತ ಮೈಯಲ್ಲೇ ಸುತ್ತುತ್ತದೆ. ಎರಡೂ ಬೆರೆಯಲು ಕಿಂಡಿಯಿಲ್ಲದಿದ್ದರೆ ಕೂಸು ಬದುಕದು. 1966ರಲ್ಲಿ ಅಮೆರಿಕದ ವೈದ್ಯ ವಿಲಿಯಂ ರಾಶ್‌ಕಿಂಡ್ ಒಂದು ದಾರಿ ತೋರಿಸಿದರು: ಬಲೂನನ್ನು ಮೇಲಿನ ಕೋಣೆಗಳ ನಡುವಿನ ಪುಟ್ಟ ಕಿಂಡಿ ದಾಟಿಸಿ, ಉಬ್ಬಿಸಿ, ಒಂದೇ ಎಳೆತಕ್ಕೆ ಹಿಂದಕ್ಕೆಳೆಯುವುದು. ಕಿಂಡಿ ಹರಿದು ಅಗಲವಾಗುತ್ತದೆ, ರಕ್ತ ಬೆರೆಯುತ್ತದೆ, ನೀಲಿಗಟ್ಟಿದ ಕೂಸಿಗೆ ಕಣ್ಣೆದುರೇ ಬಣ್ಣ ಬರುತ್ತದೆ. ಇದು ಪೂರ್ತಿ ಪರಿಹಾರವಲ್ಲ. ಶಸ್ತ್ರಚಿಕಿತ್ಸೆಯವರೆಗೆ ಜೀವ ಹಿಡಿದಿಡುವ ಉಪಾಯ. ಹಾಗೆಯೇ ಕೆಲವು ನೀಲಿ ಮಕ್ಕಳಿಗೆ ಡಕ್ಟಸ್ ಒಂದೇ ಜೀವದ ಎಳೆ. ಮುಧೋಳದ ಕೂಸಿಗೆ ಮುಚ್ಚಬೇಕಾದ ಅದೇ ತೂಬನ್ನು ಇವರಿಗೆ ತೆರೆದಿಡಬೇಕು. ಮೊದಲು ಪ್ರೊಸ್ಟಾಗ್ಲಾಂಡಿನ್ ಔಷಧಿಯಿಂದ, ಬೇಕಾದರೆ ಆಮೇಲೆ ಸ್ಟೆಂಟ್, ಅಂದರೆ ನಾಳವನ್ನು ತೆರೆದು ಹಿಡಿಯುವ ಲೋಹದ ಜಾಳಿಗೆ, ಹಾಕಿ.

ಎಲ್ಲಿ ಕೆಥೆಟರ್ ಸಾಲದು

ಮುಚ್ಚಳ ನಿಲ್ಲಲು ಸುತ್ತ ಅಂಚು ಬೇಕು. ಬಾಗಿಲ ಚೌಕಟ್ಟೇ ಇಲ್ಲದ ಕಡೆ ಕದ ಕೂರದು. ಕವಾಟಕ್ಕೆ ತಾಗಿದ ರಂಧ್ರಗಳಿಗೆ, ಕೂಸಿನ ದೊಡ್ಡ ವಿಎಸ್‌ಡಿಗೆ, ಟಿಒಎಫ್‌ನ ಪೂರ್ಣ ದುರಸ್ತಿಗೆ, ಟಿಜಿಎಯಲ್ಲಿ ನಾಳಗಳನ್ನು ಅದಲಿಸಲು ಇಂದಿಗೂ ಎದೆ ತೆರೆಯುವ ಶಸ್ತ್ರಚಿಕಿತ್ಸೆಯೇ ಹೆಚ್ಚಾಗಿ ದಾರಿ. “ಪಕ್ಕದ ಮನೆಯ ಕೂಸಿಗೆ ತೊಡೆಯಿಂದಲೇ ಆಯ್ತು, ನಮಗ್ಯಾಕ ಕೊಯ್ಯತಾರ” ಎಂದು ಅನುಮಾನಪಟ್ಟು ತಿಂಗಳು ಕಳೆಯುವ ಮನೆಯವರಿದ್ದಾರೆ. ಆ ತಿಂಗಳುಗಳು ತಿರುಗಿ ಬರುವುದಿಲ್ಲ. ಇದರ ತಿರುವುಮುರುವೂ ಇದೆ: ಎಎಸ್‌ಡಿ ಇರುವ ಹೆಚ್ಚಿನ ಕೂಸುಗಳಿಗೆ ತೊಂದರೆಯಿರದ ಕಾರಣ ಮೂರ್ನಾಲ್ಕು ವರ್ಷ ತುಂಬುವವರೆಗೆ ಕಾಯಲು ಹೇಳುತ್ತಾರೆ. ಅದು ಅಸಡ್ಡೆಯಲ್ಲ.

ಅಪಾಯಗಳನ್ನೂ ಹೇಳಬೇಕು. ಕೂಸಿನ ತೊಡೆಯ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಕಾಲು ತಣ್ಣಗಾಗಬಹುದು. ರಕ್ತಸ್ರಾವ ಆಗಬಹುದು. ಹೃದಯ ಬಡಿತ ಏರುಪೇರಾಗಬಹುದು. ಅಪರೂಪಕ್ಕೆ ಮುಚ್ಚಳ ಜಾರಿ ಬೇರೆ ಕಡೆ ಹೋಗುತ್ತದೆ. ನಳಿಗೆಯಿಂದಲೇ ಹಿಡಿದು ತೆಗೆಯುತ್ತಾರೆ, ಆಗದಿದ್ದರೆ ಶಸ್ತ್ರಚಿಕಿತ್ಸೆ. ಒಪ್ಪಿಗೆ ಪತ್ರದಲ್ಲಿ ಇವೆಲ್ಲ ಇರುತ್ತವೆ. ಕನ್ನಡದಲ್ಲಿ ಓದಿ ಹೇಳಿರಿ ಎಂದು ಕೇಳುವ ಹಕ್ಕು ನಿಮಗಿದೆ.

ಯಾವಾಗ ಅನುಮಾನಪಡಬೇಕು, ಎಲ್ಲಿಗೆ ಹೋಗಬೇಕು

ಕೂಸಿಗೆ ಮೊಲೆಹಾಲು ಕುಡಿಯುವುದೇ ದೊಡ್ಡ ದುಡಿಮೆ. ಹೃದಯ ಸೋತ ಕೂಸು ನಾಲ್ಕು ಗುಟುಕು ಕುಡಿದು ಬಿಡುತ್ತದೆ, ಏದುಸಿರು ಬಿಡುತ್ತದೆ, ಮತ್ತೆ ಕುಡಿಯುತ್ತದೆ. ಹಣೆ ಬೆವರುತ್ತದೆ. ತೂಕ ಏರುವುದಿಲ್ಲ. ಎದೆಗೂಡು ಒಳಕ್ಕೆ ಸೆಳೆಯುತ್ತದೆ, ಮೇಲಿಂದ ಮೇಲೆ ನ್ಯುಮೋನಿಯಾ ಬರುತ್ತದೆ. ತುಟಿ, ನಾಲಿಗೆ ನೀಲಿಯಾದರೆ ಒಂದು ತಾಸೂ ಕಾಯಬಾರದು. ಇಂಥ ಕೂಸುಗಳ ಹೊಟ್ಟೆಗೆ, ಎದೆಗೆ ಬರೆ ಹಾಕಿಸುವ ಪದ್ಧತಿ ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ದಯವಿಟ್ಟು ಬೇಡ. ಸುಟ್ಟ ಗಾಯದಿಂದ ಸೋಂಕಾಗುತ್ತದೆ, ರಂಧ್ರ ಇದ್ದಲ್ಲೇ ಇರುತ್ತದೆ.

ಹೆರಿಗೆಯಾದ 24 ತಾಸಿನ ನಂತರ ಕೂಸಿನ ಬಲಗೈಗೂ ಒಂದು ಪಾದಕ್ಕೂ ಆಕ್ಸಿಮೀಟರ್ ಹಚ್ಚಿ ನೋಡುವುದು ಸುಲಭದ ಪರೀಕ್ಷೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡದ್ದೇ ಅದು, ಕೂಸಿಗೆ ಬೇರೆ ಪಟ್ಟಿ ಇರುತ್ತದೆ. ಎರಡೂ ಕಡೆ 95ಕ್ಕಿಂತ ಕಡಿಮೆ ಇದ್ದರೆ, ಅಥವಾ ಕೈ-ಪಾದದ ನಡುವೆ ಮೂರಕ್ಕಿಂತ ಹೆಚ್ಚು ಅಂತರವಿದ್ದು ಅದು ಹಾಗೇ ಉಳಿದರೆ ಎಕೋ ಬೇಕು. 90ಕ್ಕಿಂತ ಕೆಳಗಿದ್ದರೆ ಕೂಡಲೇ.

2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ತಪಾಸಣೆ ಉಚಿತ; ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಹುಟ್ಟಿನಿಂದ ಬರುವ ಹೃದಯ ದೋಷ ಆ ಪಟ್ಟಿಯಲ್ಲಿದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ ಐದು ಲಕ್ಷದವರೆಗೆ ನೆರವಿದೆ. ತುರ್ತಲ್ಲದಿದ್ದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಬೆಳಗಾವಿಯ ಬಿಮ್ಸ್, ಕೆಎಲ್‌ಇಯ ಪ್ರಭಾಕರ ಕೋರೆ ಆಸ್ಪತ್ರೆ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇಯ ಬಿ.ಎಂ. ಪಾಟೀಲ ಆಸ್ಪತ್ರೆ ಈ ಭಾಗದ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು. ಹೋಗುವ ಮೊದಲು ಮಕ್ಕಳ ಹೃದಯ ತಜ್ಞರು ಯಾವ ದಿನ ಇರುತ್ತಾರೆ, ಕೂಸುಗಳಿಗೆ ಕೆಥೆಟರ್ ಚಿಕಿತ್ಸೆ ಅಲ್ಲೇ ಮಾಡುತ್ತಾರೆಯೇ ಎಂದು ಫೋನಿನಲ್ಲಿ ಕೇಳಿಕೊಂಡರೆ ಒಂದು ಓಡಾಟ ಉಳಿಯುತ್ತದೆ.

ಮನೆಗೆ ಬಂದ ಮೇಲೆ

ಚಿಕಿತ್ಸೆಯ ನಂತರ ಕೆಲವು ತಾಸು ಕಾಲು ನೇರವಾಗಿಯೇ ಇರಬೇಕು. ನರ್ಸಮ್ಮ ಮತ್ತೆ ಮತ್ತೆ ಪಾದ ಮುಟ್ಟಿ ನೋಡುವುದು ಅದು ಬೆಚ್ಚಗಿದೆಯೇ, ನಾಡಿ ಸಿಗುತ್ತದೆಯೇ ಎಂದು ತಿಳಿಯಲು. ಎಲ್ಲ ಸರಿಯಿದ್ದರೆ ಒಂದೆರಡು ದಿನದಲ್ಲಿ ಮನೆ. ತೊಡೆಯಲ್ಲಿ ಹೊಲಿಗೆ ಇರುವುದಿಲ್ಲ, ಪಟ್ಟಿಯಷ್ಟೇ. ಅಲ್ಲಿ ಬಾವು, ರಕ್ತ ಕಂಡರೆ, ಕಾಲು ತಣ್ಣಗಾದರೆ, ಜ್ವರ ಬಂದರೆ ತಿರುಗಿ ಹೋಗಬೇಕು. ಎಎಸ್‌ಡಿ ಮುಚ್ಚಿಸಿಕೊಂಡ ಮಕ್ಕಳಿಗೆ ಸಾಮಾನ್ಯವಾಗಿ ಆರು ತಿಂಗಳು ಆಸ್ಪಿರಿನ್ ಇರುತ್ತದೆ. ಮುಚ್ಚಳ ಹಾಕಿಸಿಕೊಂಡ ಯಾವ ಮಗುವಿಗೇ ಆಗಲಿ, ಮೊದಲ ಆರು ತಿಂಗಳಲ್ಲಿ ಹಲ್ಲಿನ ಚಿಕಿತ್ಸೆ ಮಾಡಿಸುವಾಗ ವೈದ್ಯರಿಗೆ ಈ ವಿಷಯ ಹೇಳಬೇಕು. ಲಸಿಕೆ ಯಾವಾಗ ಹಾಕಿಸಬೇಕೆಂದು ಬಿಡುಗಡೆಯ ದಿನವೇ ಬರೆಸಿಕೊಳ್ಳಿ.

ಆಸ್ಪತ್ರೆಯವರು ಮುಚ್ಚಳದ ಹೆಸರು, ಅಳತೆ ಬರೆದ ಒಂದು ಚಿಕ್ಕ ಕಾರ್ಡು ಕೊಡುತ್ತಾರೆ. ತಾಯಿ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಟ್ರಂಕಿನಲ್ಲಿ ಜೋಪಾನ ಮಾಡಿ. ಆ ಹುಡುಗಿ ಇಪ್ಪತ್ತು ವರ್ಷದವಳಾಗಿ ಯಾವುದೋ ಕಾರಣಕ್ಕೆ ಎಂಆರ್‌ಐ ಮಾಡಿಸಲು ಹೋದಾಗ, ಎದೆಯೊಳಗೆ ಲೋಹವೇನಾದರೂ ಇದೆಯೇ ಎಂದು ಅವರು ಮೊದಲು ಕೇಳುತ್ತಾರೆ. ಅವಳಿಗೆ ತೊಡೆಯ ಮೇಲೆ ಕಲೆಯೂ ಉಳಿದಿರುವುದಿಲ್ಲ, ನೆನಪೂ ಇರುವುದಿಲ್ಲ. ಉತ್ತರ ಆ ಕಾರ್ಡಿನಲ್ಲಿರುತ್ತದೆ.